ಮೂರನೇ ತಲೆಮಾರಿನ ಹಳದಿ

ನಾನು ಒಂದು ಕ್ಯಾಮೆರಾ. ಅಂಗಿಯ ಜೇಬಿಗೆ ಸ್ವಲ್ಪ ದೊಡ್ಡವನು, ಕೈಚೀಲಕ್ಕೆ ತೀರಾ ಚಿಕ್ಕವನು. ಮುಂದೆ ಒಂದೇ ಲೆನ್ಸು. ಅದನ್ನು ಬಿಚ್ಚಿ ಬೇರೆಯದು ಹಾಕುವಂತಿಲ್ಲ, ಜೂಮ್ ಮಾಡುವಂತಿಲ್ಲ. ದೂರದ್ದು ಬೇಕೆಂದರೆ ನನ್ನನ್ನು ಹಿಡಿದವರೇ ಎದ್ದು ಹತ್ತಿರ ಹೋಗಬೇಕು. ಮದುವೆ ಮನೆಯಲ್ಲಿ, ಪ್ರವಾಸದಲ್ಲಿ ಪಟಪಟನೆ ಚಿತ್ರ ಹೊಡೆಯುವವರು ನಮ್ಮ ಜಾತಿಯವರನ್ನು ಕೊಳ್ಳುವುದಿಲ್ಲ. ಒಂದು ಎಲೆಯ ನರವನ್ನೋ ಒಂದು ನೂಲಿನ ಎಳೆಯನ್ನೋ ದೊಡ್ಡದು ಮಾಡಿಕೊಂಡು ಗಂಟೆಗಟ್ಟಲೆ ನೋಡುವ ಹುಚ್ಚಿರುವವರು ಮಾತ್ರ ಕೊಳ್ಳುತ್ತಾರೆ. ಅಂಥವರು ಕಡಿಮೆ. ಹಾಗಾಗಿ ನಮ್ಮ ವಂಶವೂ ಸಣ್ಣದು.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಚಿಕ್ಕ ಕಾರ್ಖಾನೆಯಲ್ಲಿ. ಕೈಗವಸು ಹಾಕಿದ ಹೆಂಗಸೊಬ್ಬಳು ನನ್ನ ಲೆನ್ಸನ್ನು ಕೂರಿಸಿ, ತಿರುಪು ಬಿಗಿದು, ಮೊದಲ ಸಲ ಕರೆಂಟು ಕೊಟ್ಟಳು. ಎದುರಿಗೆ ಒಂದು ಬಿಳಿ ಹಾಳೆ ಇತ್ತು. ಆಮೇಲೆ ಬಣ್ಣದ ಚೌಕಗಳ ಹಲಗೆ ಬಂತು. ನಾನು ಕಂಡದ್ದನ್ನು ಯಂತ್ರವೊಂದು ಅಳೆದು ನೋಡಿತು. ಬಿಳಿ ಬಿಳಿಯಾಗಿಯೇ ಇತ್ತು, ಕೆಂಪು ಕೆಂಪಾಗಿಯೇ ಇತ್ತು. ಪಾಸಾದೆ ಎಂದು ಹೊಟ್ಟೆಯ ಮೇಲೆ ಒಂದು ಚೀಟಿ ಅಂಟಿಸಿ ಡಬ್ಬಿಗೆ ಹಾಕಿದರು.

ಮೊದಲು ನನ್ನನ್ನು ಕೊಂಡವರು ಪುಣೆಯ ಒಬ್ಬ ಎಂಜಿನಿಯರು. ಕಟ್ಟಡಗಳ ಚಿತ್ರ ತೆಗೆಯಲು ಕೊಂಡಿದ್ದರು. ನನ್ನ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಒಂದು ಚಿತ್ರ ತೆಗೆದು ಇನ್ನೊಂದಕ್ಕೆ ಕಾಯಬೇಕು ಎಂದು ಬೇಸರಪಟ್ಟು ಕೆಲವೇ ತಿಂಗಳಲ್ಲಿ ಮಾರಾಟಕ್ಕಿಟ್ಟರು. ಕೊಂಡವರು ಗದಗಿನ ಅಂದಾನಪ್ಪ ಹೊಂಬಳ. ನನ್ನ ನಿಜವಾದ ಬದುಕು ಶುರುವಾದದ್ದು ಅವರ ಮನೆಯಲ್ಲಿಯೇ.

ಅಂದಾನಪ್ಪ ಗದಗಿನ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಬಣ್ಣ ನೋಡುವ ಕೆಲಸದವರು. ಕ್ಯಾಲೆಂಡರು, ಲಗ್ನಪತ್ರಿಕೆ, ಪುಸ್ತಕದ ಮುಖಪುಟ, ಯಾವುದೇ ಇರಲಿ, ಮೊದಲ ಹಾಳೆ ಮಿಷನ್ನಿನಿಂದ ಹೊರಗೆ ಬಂದ ಕೂಡಲೇ ಅದನ್ನು ಬೆಳಕಿಗೆ ಹಿಡಿದು, ಕೆಂಪು ಒಂದಿಷ್ಟು ಕಮ್ಮಿ ಮಾಡ್ರಿ, ನೀಲಿ ಏರಿಸ್ರಿ ಎಂದು ಹೇಳುವವರು ಅವರೇ. ಅವರ ಕಣ್ಣಿನ ಮೇಲೆ ಪ್ರೆಸ್ಸಿನ ಮಾಲೀಕರಿಗೆ ಎಷ್ಟು ನಂಬಿಕೆಯೆಂದರೆ, ಗಿರಾಕಿ ತಕರಾರು ತೆಗೆದರೆ, ಹೊಂಬಳ ಅವರು ಪಾಸು ಮಾಡ್ಯಾರ ಎಂದರೆ ಮಾತು ಮುಗಿಯಿತು. ಆ ಕಣ್ಣಿನ ಹೆಮ್ಮೆ ಅಂದಾನಪ್ಪನವರಿಗೂ ಇತ್ತು.

ಬೆಟಗೇರಿಯ ಓಣಿಯೊಂದರಲ್ಲಿ ಅವರ ಮನೆ. ಅಕ್ಕಪಕ್ಕದಲ್ಲಿ ಇನ್ನೂ ಒಂದೆರಡು ಕೈಮಗ್ಗ ಸದ್ದು ಮಾಡುತ್ತಿದ್ದವು. ಪಡಸಾಲೆಯ ಗಾಜಿನ ಕಪಾಟಿನಲ್ಲಿ ನನಗಿಂತ ಮೊದಲಿನವರಿಬ್ಬರು ಕೂತಿದ್ದರು. ಮೊದಲ ತಲೆಮಾರಿನ ಹಿರಿಯಣ್ಣ ಬಲು ನಿಧಾನ. ಅವನು ತೆಗೆದ ಒಂದು ಚಿತ್ರ ಕಾರ್ಡಿನಲ್ಲಿ ಕೂರುವಷ್ಟರಲ್ಲಿ ಅರ್ಧ ಕಪ್ ಚಹಾ ಕುಡಿದು ಮುಗಿಸಬಹುದು. ಮೋಡ ಕವಿದರೆ ಅವನಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ಒಳ್ಳೆಯ ಬಿಸಿಲಿನಲ್ಲಿ ಅವನ ಬಣ್ಣಗಳಿಗೆ ಎಣ್ಣೆ ಸವರಿದಂಥ ಒಂದು ತೂಕ ಬರುತ್ತಿತ್ತು. ಎರಡನೆಯವನು ಅವನಿಗಿಂತ ಚೂಪು. ಆದರೆ ನೆರಳಿನಲ್ಲಿ ಅವನ ಚಿತ್ರದೊಳಗೆ ಗೋಡೆಗೆ ತೇವ ಬಂದ ಹಾಗೆ ನೇರಳೆ, ಹಸಿರು ಮಚ್ಚೆಗಳು ಏಳುತ್ತಿದ್ದವು. ನಾನು ಮೂರನೆಯವನು. ಅವರಿಬ್ಬರಿಗೂ ಕಾಣದ ಎಳೆಗಳು ನನಗೆ ಕಾಣುತ್ತಿದ್ದವು. ನೆರಳಿಗೂ ನಾನು ಅಷ್ಟಾಗಿ ಹೆದರುತ್ತಿರಲಿಲ್ಲ.

ನಮ್ಮ ಮೂವರ ಸ್ವಭಾವವೂ ಅಂದಾನಪ್ಪನವರಿಗೆ ಮಕ್ಕಳ ಸ್ವಭಾವದಂತೆ ಗೊತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿ ದಾನಮ್ಮ, ನಾವು, ಆಮೇಲೆ ಫೋನಿನಲ್ಲಿ ನಮ್ಮಂಥ ಕ್ಯಾಮೆರಾ ಇಟ್ಟುಕೊಂಡ ಹತ್ತಿಪ್ಪತ್ತು ಜನರ ಒಂದು ಗ್ರೂಪು, ಇಷ್ಟೇ ಅವರ ಸಂಸಾರ. ಹೊಸ ತಲೆಮಾರು ಬಂದಾಗಲೆಲ್ಲ ಅದನ್ನು ಹಳೆಯದರ ಪಕ್ಕದಲ್ಲಿಟ್ಟು ತೂಗಿ ನೋಡಿ ಆ ಗ್ರೂಪಿಗೆ ಬರೆಯುವುದು ಅವರ ಅಭ್ಯಾಸ. ತೂಗುವುದಕ್ಕೆ ಅವರು ಯಾವಾಗಲೂ ಒಂದೇ ಮುಖವನ್ನು ಬಳಸುತ್ತಿದ್ದರು. ಅದು ದಾನಮ್ಮನ ಮುಖ.

ನಾನು ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಪಾರ್ಸಲ್ ಬಿಚ್ಚಿ, ನನ್ನನ್ನು ಒರೆಸಿ, ಬ್ಯಾಟರಿ ತುಂಬಿಸಿ, ಅಂದಾನಪ್ಪ ಅಡಿಗೆಮನೆಯ ಬಾಗಿಲಿಗೆ ಹೋದರು.

“ಹೊಸದು ಬಂದೈತಿ. ಹತ್ ನಿಮಿಷ ಹೊರಗ ಕುಂದ್ರು ಬಾ.”

“ನಾನೇನ್ ನಿಮ್ಮ ಪ್ರೆಸ್ಸಿನ ಪ್ರೂಫ್ ಹಾಳಿ ಏನ್ರಿ? ಒಲಿ ಮ್ಯಾಲ ಬ್ಯಾಳಿ ಇಟ್ಟೀನಿ.”

“ಬ್ಯಾಳಿ ಬೇಯಾಕರೆ ಹತ್ ನಿಮಿಷ ಬೇಕಲ್ಲ.”

ದಾನಮ್ಮ ನಗುತ್ತಲೇ ಬಂದು ಅಂಗಳದ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತರು. ಇಟ್ಟಿಗೆ ಬಣ್ಣದ ಬೆಟಗೇರಿ ಸೀರೆ. ಐವತ್ತೈದರ ಆಸುಪಾಸಿನ ಗುಂಡು ಮುಖ. ಅವರು ಹಳೆಯ ಸೀರೆ ಕತ್ತರಿಸಿ ಕೌದಿ ಹೊಲಿಯುವವರು, ಬಣ್ಣದ ತುಂಡುಗಳ ನಡುವೆಯೇ ಇರುವವರು. ಹಾಗಾಗಿ ಗಂಡನ ಹುಚ್ಚು ಅವರಿಗೆ ತೀರಾ ಅಪರಿಚಿತವೇನಲ್ಲ. ಎಲ್ಲಿ ಕೂರಬೇಕು, ಗದ್ದ ಎಷ್ಟು ಎತ್ತಬೇಕು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವರ ಕಣ್ಣು ನನ್ನ ಕಡೆ ತಿರುಗಿತು. ಬೆಳಕು ಬಿತ್ತು. ಬಿದ್ದದ್ದನ್ನು ಬಿದ್ದ ಹಾಗೆ ಒಳಗಿಟ್ಟುಕೊಂಡೆ.

ಆ ಮಧ್ಯಾಹ್ನ ಅಂದಾನಪ್ಪ ಕಂಪ್ಯೂಟರಿನ ಎಡಕ್ಕೆ ಹಿರಿಯಣ್ಣ ಕೆಲವು ವರ್ಷಗಳ ಹಿಂದೆ ತೆಗೆದಿದ್ದ ದಾನಮ್ಮನ ಚಿತ್ರವನ್ನೂ ಬಲಕ್ಕೆ ನನ್ನದನ್ನೂ ತೆರೆದರು. ನಾನು ಮೇಜಿನ ಮೇಲೆಯೇ ಇದ್ದೆ. ಮೊದಲು ಅವರಿಗೆ ಆನಂದವಾಯಿತು. ರೆಪ್ಪೆಯ ಒಂದೊಂದು ಕೂದಲು, ಸೀರೆಯ ಒಂದೊಂದು ನೂಲು ಬಿಡಿಬಿಡಿಯಾಗಿ ಕಾಣುತ್ತಿತ್ತು. ಆಮೇಲೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಹಳದಿ ಹೆಚ್ಚಾಗೈತಿ,” ಎಂದು ತಮಗೆ ತಾವೇ ಹೇಳಿಕೊಂಡರು.

ಸೀರೆಯ ಬಣ್ಣ ಸರಿಯಿತ್ತು. ಹಿಂದಿನ ಸುಣ್ಣದ ಗೋಡೆಯೂ ಸರಿಯಿತ್ತು. ಮುಖದಲ್ಲಿ ಮಾತ್ರ ಒಂದು ತೆಳ್ಳನೆಯ ಹಳದಿ. ನಮ್ಮಂಥ ಕ್ಯಾಮೆರಾಗಳು ಮನುಷ್ಯರ ಚರ್ಮದ ವಿಷಯದಲ್ಲಿ ಎಡವುತ್ತವೆ ಎಂಬ ಮಾತು ಗ್ರೂಪಿನಲ್ಲಿ ಮೊದಲಿನಿಂದಲೂ ಇತ್ತು. ಅಂದಾನಪ್ಪನವರಿಗೆ ಅದೇ ನೆನಪಾಯಿತು. ಪುಣೆಯ ಎಂಜಿನಿಯರು ಕೆಟ್ಟ ಮಾಲನ್ನು ತನಗೆ ದಾಟಿಸಿದ ಎಂಬ ಅನುಮಾನವೂ ಬಂತು. ಫೋನು ಮಾಡಿ ಕೇಳಿದರು. ತನ್ನ ಹತ್ತಿರ ಇದ್ದಾಗ ಸರಿಯಿತ್ತು ಎಂದು ಆತ ಹೇಳಿದ. ಕಟ್ಟಡಕ್ಕೆ ಚರ್ಮ ಎಲ್ಲಿರುತ್ತದೆ ಎಂದು ಫೋನು ಇಟ್ಟ ಮೇಲೆ ಇವರು ಗೊಣಗಿದರು.

ಆಮೇಲೆ ಅವರು ಮಾಡಿದ್ದು ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಮಾಡಿಕೊಂಡು ಬಂದ ಕೆಲಸವನ್ನೇ. ಪರದೆಯ ಮೇಲಿನ ಹಳದಿಯನ್ನು ಸ್ವಲ್ಪ ಸ್ವಲ್ಪವೇ ಕೆಳಗೆ ಎಳೆದರು. ದಾನಮ್ಮನ ಮುಖ ಮೊದಲಿನ ಬಣ್ಣಕ್ಕೆ ಬಂತು. ಚಹಾ ತಂದ ದಾನಮ್ಮ ಹಿಂದೆ ನಿಂತು ನೋಡಿದರು.

“ಈಗ ಚೊಲೋ ಆತ ನೋಡ್ರಿ,” ಎಂದರು ಅವರೂ.

ತಿದ್ದಿದ ಆ ಚಿತ್ರವನ್ನು ಅಂದಾನಪ್ಪ ಗ್ರೂಪಿಗೆ ಹಾಕಿದರು. ಹುಬ್ಬಳ್ಳಿಯಲ್ಲಿದ್ದ ದಾನಮ್ಮನ ತಂಗಿ ಕಸ್ತೂರಿಗೂ ಕಳಿಸಿದರು. ಕಸ್ತೂರಿ ಅಲ್ಲಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಅಕ್ಕನನ್ನು ಕಂಡರೆ ಪ್ರಾಣ, ಬರಲು ಪುರುಸೊತ್ತು ಕಡಿಮೆ. ‘ಅಕ್ಕ ಭಾಳ ಚೊಲೋ ಕಾಣ್ತಾಳ’ ಎಂದು ಉತ್ತರ ಬಂತು. ಅದನ್ನು ಅಂದಾನಪ್ಪ ಜೋರಾಗಿ ಓದಿ ಹೇಳಿದರು.

ನನಗೆ ಬಾಯಿಯಿಲ್ಲ. ಇದ್ದಿದ್ದರೂ ಏನು ಹೇಳಬೇಕೆಂದು ಆಗ ನನಗೆ ತಿಳಿದಿರಲಿಲ್ಲ. ಯಾವ ಬಣ್ಣ ಯಾವುದಕ್ಕೆ ಬರುತ್ತದೆ ಎನ್ನುವುದು ನನ್ನಂಥವರಿಗೆ ಗೊತ್ತಾಗುವ ಸಂಗತಿಯಲ್ಲ. ಆದರೂ ವಾರ ವಾರವೂ ಅದೇ ಬಾಗಿಲಲ್ಲಿ ಅವರನ್ನು ನೋಡುತ್ತಿದ್ದ ನನಗೆ ಕೆಲವು ಕಂಡವು. ಮುಂಗೈ ಮೇಲೆ ಉಗುರಿನಿಂದ ಕೆರೆದ ಗೆರೆಗಳು. ತೋಳಿನಲ್ಲಿ ಸಡಿಲವಾದ ರವಿಕೆ. ಕುತ್ತಿಗೆಯ ಕೆಳಗೆ ಎದ್ದ ಎಲುಬು. ಎಲ್ಲವನ್ನೂ ನಾನು ಒಂದೂ ಬಿಡದೆ ಕೊಟ್ಟೆ. ಅಂದಾನಪ್ಪ ಅವನ್ನು ದೊಡ್ಡದು ಮಾಡಿ ನೋಡಿ, ನನ್ನ ಸೂಕ್ಷ್ಮವನ್ನು ಮೆಚ್ಚಿಕೊಂಡರು.

“ಮೈ ಭಾಳ ಕಡೀತೈತಿ ರೀ,” ಎಂದರು ಒಂದು ಬೆಳಿಗ್ಗೆ ದಾನಮ್ಮ, ಸ್ಟೂಲಿನ ಮೇಲೆ ಕೂತೇ.

“ಚಳಿಗಿ ಚರ್ಮ ಒಣಗೈತಿ. ಕೊಬ್ಬರಿ ಎಣ್ಣಿ ಹಚ್ಕೊ. ಅಲ್ಲಾಡಬ್ಯಾಡ.”

“ಊಟಾನೂ ಸೇರವಲ್ದು.”

“ಪಿತ್ತ ಆಗಿರ್ತೈತಿ. ಶುಂಠಿ ಕಷಾಯ ಕುಡಿ. ಗದ್ದ ಸ್ವಲ್ಪ ಎತ್ತು.”

ಅಂದಾನಪ್ಪ ಕಲ್ಲು ಮನಸ್ಸಿನವರಲ್ಲ. ಕೊಬ್ಬರಿ ಎಣ್ಣೆಯನ್ನು ಅವರೇ ಬೆಚ್ಚಗೆ ಮಾಡಿ ತಂದುಕೊಟ್ಟರು, ಶುಂಠಿಯನ್ನು ಅವರೇ ಜಜ್ಜಿದರು. ದಾನಮ್ಮನೂ ತಮ್ಮ ಮೈಯ ಮಾತನ್ನು ದೊಡ್ಡದು ಮಾಡುವವರಲ್ಲ. ಎರಡು ರೊಟ್ಟಿಯ ಕಡೆ ಅರ್ಧ ರೊಟ್ಟಿ ತಿಂದು ಎದ್ದು ಹೋಗುತ್ತಿದ್ದರು. ಅಂದಾನಪ್ಪನವರ ಕಣ್ಣು ಮಾತ್ರ ನನ್ನ ತಪ್ಪಿನ ಮೇಲೆ ನೆಟ್ಟುಬಿಟ್ಟಿತ್ತು. ಪ್ರತಿ ವಾರ ನನ್ನ ಚಿತ್ರದಲ್ಲಿ ಹಳದಿ ಸ್ವಲ್ಪ ಏರುತ್ತಿತ್ತು. ಪ್ರತಿ ವಾರ ಅವರು ಅದನ್ನು ಇನ್ನಷ್ಟು ಇಳಿಸುತ್ತಿದ್ದರು. ತಿದ್ದಿದ್ದು ಕಸ್ತೂರಿಗೆ ಹೋಗುತ್ತಿತ್ತು.

ಕೊನೆಗೆ ಗ್ರೂಪಿಗೆ ಉದ್ದನೆಯದೊಂದು ಬರೆದರು. ಮೂರನೇ ತಲೆಮಾರು ಸೂಕ್ಷ್ಮದಲ್ಲಿ ಗೆದ್ದಿದೆ, ಮನುಷ್ಯನ ಚರ್ಮದಲ್ಲಿ ಸೋತಿದೆ ಎಂಬುದು ಅದರ ಸಾರ. ಅನೇಕರು ಶಹಬ್ಬಾಸ್ ಎಂದರು. ಬೆಳಗಾವಿಯವರೊಬ್ಬರು ಮಾತ್ರ, ನನ್ನ ಹತ್ತಿರವೂ ಅದೇ ಕ್ಯಾಮೆರಾ ಇದೆ, ನನ್ನ ಮೊಮ್ಮಗಳ ಮುಖ ಸರಿಯಾಗಿಯೇ ಬರುತ್ತದೆ ಎಂದರು. ಅಂದಾನಪ್ಪನವರಿಗೆ ಸಿಟ್ಟು ಬಂತು. ಮೂವತ್ತು ವರ್ಷದಲ್ಲಿ ಬಣ್ಣದ ವಿಷಯದಲ್ಲಿ ಅವರ ಮಾತಿಗೆ ಯಾರೂ ಎದುರಾಡಿರಲಿಲ್ಲ. ಅಂದರೆ ಕೆಟ್ಟಿರುವುದು ಈ ಒಂದೇ ಕ್ಯಾಮೆರಾ ಎಂದು ತೀರ್ಮಾನಿಸಿ ನನ್ನನ್ನು ಬೆಂಗಳೂರಿಗೆ ರಿಪೇರಿಗೆ ಕಳಿಸಿದರು.

ಅಲ್ಲಿ ನನ್ನನ್ನು ಮತ್ತೆ ಬಿಳಿ ಹಾಳೆಯ ಎದುರಿಗಿಟ್ಟರು, ಬಣ್ಣದ ಚೌಕ ತೋರಿಸಿದರು. ಯಾವ ದೋಷವೂ ಇಲ್ಲ ಎಂದು ಬರೆದು ವಾಪಸು ಕಳಿಸಿದರು. ಊರಿಗೆ ಬರುವಷ್ಟರಲ್ಲಿ ಶಿವರಾತ್ರಿ ಕಳೆದಿತ್ತು, ಬಿಸಿಲು ಚುರುಗುಡುತ್ತಿತ್ತು. ಬಂದ ದಿನವೇ ಅಂದಾನಪ್ಪ ದಾನಮ್ಮನನ್ನು ಕೂರಿಸಿ ತೆಗೆದು ನೋಡಿದರು.

“ರಿಪೇರಿ ಅಂತ ಹೇಳಿ ಮೊದಲಿಗಿಂತ ಕೆಡಿಸಿ ಕಳಿಸ್ಯಾರ,” ಎಂದರು.

ದಾನಮ್ಮ ಸ್ಟೂಲಿನಿಂದ ಏಳಲಿಲ್ಲ. ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರ ದನಿ ಸಣ್ಣಗಾಗಿತ್ತು.

“ರೀ, ನನಗ ದಿನಾ ಹಿಂಗ ಕುಂದ್ರಾಕ ಆಗವಲ್ದು. ಒಂದ್ ಕೆಲಸ ಮಾಡ್ರಿ. ಮೂರೂ ತಗೊಂಡ್ ಬರ್ರಿ. ಇವತ್ತ, ಇದ ಬೆಳಕಿನ್ಯಾಗ, ಮೂರರಾಗೂ ತಗೀರಿ. ಯಾವುದರ ತಪ್ಪು ಅಂತ ಇವತ್ತಿಗೆ ತೀರಿ ಹೋಗ್ಲಿ. ಆಮ್ಯಾಲ ನನ್ನ ಕರೀಬ್ಯಾಡ್ರಿ.”

ಅದು ಅಂದಾನಪ್ಪನವರಿಗೆ ಎಂದೋ ಹೊಳೆಯಬೇಕಿತ್ತು. ಅಷ್ಟು ದಿನವೂ ಅವರು ನನ್ನ ಇಂದಿನ ಚಿತ್ರವನ್ನು ಅಣ್ಣಂದಿರ ಹಳೆಯ ಚಿತ್ರಗಳ ಜೊತೆ ಹೋಲಿಸುತ್ತ ಬಂದಿದ್ದರು. ಈಗ ಹುರುಪಿನಿಂದ ಇಬ್ಬರನ್ನೂ ಕಪಾಟಿನಿಂದ ತೆಗೆದರು. ಅನುಮಾನಕ್ಕೆ ಎಡೆಯಿರಬಾರದೆಂದು ಪ್ರೆಸ್ಸಿನ ಒಂದು ಬಿಳಿ ಹಾಳೆಯನ್ನು ದಾನಮ್ಮನ ಮಡಿಲಲ್ಲಿಟ್ಟರು. ಮೊದಲು ಹಿರಿಯಣ್ಣ, ಆಮೇಲೆ ನಡುವಿನವನು, ಕೊನೆಗೆ ನಾನು. ಚಿತ್ರ ತೆಗೆದಾದ ಮೇಲೆ ದಾನಮ್ಮ ಗೋಡೆ ಹಿಡಿದು ಒಳಗೆ ಹೋಗಿ ಮಲಗಿದರು. ಅಂದಾನಪ್ಪ ನನ್ನನ್ನು ಕೊರಳಿಗೆ ಹಾಕಿಕೊಂಡೇ ಕಂಪ್ಯೂಟರಿನ ಮುಂದೆ ಕೂತರು.

ಹಿರಿಯಣ್ಣನ ಚಿತ್ರವನ್ನು ಮೊದಲು ತೆರೆದರು. ಹಳದಿ ಇತ್ತು. ತಪ್ಪು ಚಿತ್ರ ತೆರೆದೆನೇನೋ ಎಂದು ಮುಚ್ಚಿ ಮತ್ತೆ ತೆರೆದರು. ಎರಡನೆಯವನ ಚಿತ್ರ ತೆರೆದರು. ಅದರಲ್ಲಿಯೂ ಹಳದಿ. ನನ್ನದನ್ನು ತೆರೆದರು. ಮೂರು ಚಿತ್ರದಲ್ಲೂ ಮಡಿಲಿನ ಹಾಳೆ ಬೆಳ್ಳಗೆ ಕೂತಿತ್ತು.

“ಮೂರೂ ಒಮ್ಮೆಗೇ ಹೆಂಗ ಕೆಡ್ತಾವ?” ಎಂದರು.

ನನ್ನ ಚಿತ್ರದಲ್ಲಿ ಕಣ್ಣನ್ನು ದೊಡ್ಡದು ಮಾಡಿದರು. ಪರದೆಯ ತುಂಬ ಕಣ್ಣಿನ ಬಿಳಿಯ ಭಾಗ ಬಂತು. ಸಣ್ಣ ಸಣ್ಣ ಕೆಂಪು ನರಗಳು ಒಂದೊಂದೂ ಕಾಣುತ್ತಿದ್ದವು. ನರಗಳ ನಡುವೆ ಬಿಳುಪು ಇರಲಿಲ್ಲ. ಅರಿಸಿನ ಕದಡಿದ ನೀರಿನ ಬಣ್ಣವಿತ್ತು. ಅಭ್ಯಾಸಬಲದಿಂದ ಅವರ ಕೈ ಹಳದಿ ಇಳಿಸುವ ಕಡೆಗೆ ಹೋಯಿತು. ಅಲ್ಲಿಯೇ ನಿಂತಿತು. ನಾನು ಅವರ ಎದೆಗೆ ಒರಗಿದ್ದೆ. ಒಳಗೆ ಗುಂಡಿಗೆ ಹೊಡೆದುಕೊಳ್ಳುವುದು ನನ್ನ ಮೈಗೆ ತಾಕುತ್ತಿತ್ತು.

ಎದ್ದು ಒಳಗೆ ಹೋದರು. ದಾನಮ್ಮ ಕೌದಿಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು.

“ದಾನಮ್ಮ, ಸ್ವಲ್ಪ ಬಾಗಿಲಕ ಬಾ.”

“ಮತ್ತ ಫೋಟೋ ಏನ್ರಿ? ಆಗಂಗಿಲ್ಲಂತ ಹೇಳಿನಲ್ಲ.”

“ಫೋಟೋ ಅಲ್ಲ. ನಾ ನೋಡಬೇಕು.”

ತೋಳು ಹಿಡಿದು ಬೆಳಕಿಗೆ ಕರೆತಂದರು. ಹೆಬ್ಬೆರಳಿನಿಂದ ಅವರ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದರು. ಹಿಂದೆಂದೂ ಅವರು ಹೆಂಡತಿಯನ್ನು ಅಷ್ಟು ಹತ್ತಿರದಿಂದ, ನಡುವೆ ಏನೂ ಇಲ್ಲದೆ ನೋಡಿದ್ದನ್ನು ನಾನು ಕಂಡಿರಲಿಲ್ಲ.

“ಏನ್ ಕಾಣ್ತೈತಿ?” ಎಂದರು ದಾನಮ್ಮ.

“ಹಳದಿ ಆಗೈತಿ.”

“ಕ್ಯಾಮೆರಾದಾಗೋ, ನನ್ನ ಕಣ್ಣಾಗೋ?”

“ನಿನ್ನ ಕಣ್ಣಾಗ.”

ದಾನಮ್ಮ ಗಂಡನ ಎದೆಯ ಮೇಲೆ ತೂಗುತ್ತಿದ್ದ ನನ್ನನ್ನು ನೋಡಿದರು. “ಹಂಗಾರ ಅದರ ತಪ್ಪೇನಿರಲಿಲ್ಲ ಬಿಡ್ರಿ,” ಎಂದರು.

ಓಣಿಯ ಹೆಂಗಸರು ಇದು ಕಾಮಣಿ, ಕಾಮಾಲೆ ರೋಗ ಎಂದರು. ಯಾವುದೋ ಹಳ್ಳಿಯಲ್ಲಿ ಬೇರು ಕೊಡುತ್ತಾರೆ, ಮೂರು ದಿನಕ್ಕೆ ಇಳಿಯುತ್ತದೆ ಎಂದರು. ಅಂದಾನಪ್ಪ ಯಾರ ಮಾತನ್ನೂ ಕೇಳಲಿಲ್ಲ. ಮರುದಿನವೇ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಸ್ತೂರಿ ಬ್ಯಾಂಕಿಗೆ ರಜೆ ಹಾಕಿ ಅಲ್ಲಿಗೆ ಬಂದಳು. ಅಕ್ಕನನ್ನು ಕಂಡವಳೇ ಬಾಗಿಲಲ್ಲಿ ನಿಂತುಬಿಟ್ಟಳು.

ನೋಡಿದವರು ಡಾಕ್ಟರ್ ಮೆಣಸಿನಕಾಯಿ ಎಂಬ ಸರ್ಜನ್. ಹೊಟ್ಟೆ ಒತ್ತಿ ನೋಡಿದರು, ಮೂತ್ರದ ಬಣ್ಣ ಕೇಳಿದರು, ತುರಿಕೆಯ ಗೆರೆಗಳನ್ನು ನೋಡಿದರು.

“ಈ ಹಳದಿ ಯಾವಾಗಿಂದ ಶುರುವಾತು?”

“ಮೊನ್ನೆ ಮೊನ್ನೆ ಅನಸ್ತೈತ್ರಿ,” ಎಂದರು ದಾನಮ್ಮ.

ಅಂದಾನಪ್ಪ ಚೀಲದಿಂದ ನನ್ನನ್ನು ತೆಗೆದರು. “ಇದರಾಗ ಐತ್ರಿ,” ಎಂದರು. “ನಾ ತಿದ್ದಲಾರದ್ದು ಎಲ್ಲಾ ಇದರಾಗ ಐತಿ.”

ಡಾಕ್ಟರು ನನ್ನ ಪುಟ್ಟ ಪರದೆಯಲ್ಲಿ ಗುಂಡಿ ಒತ್ತುತ್ತ ಸಂಕ್ರಾಂತಿಯಿಂದ ಒಂದೊಂದೇ ಚಿತ್ರ ನೋಡುತ್ತ ಬಂದರು. ಪಿತ್ತ ಹರಿಯುವ ನಾಳದ ಬಾಯಲ್ಲಿ ಗಡ್ಡೆ ಇರುವಂತೆ ಕಾಣುತ್ತದೆ, ಸ್ಕ್ಯಾನ್ ಆಗಲಿ, ಆಪರೇಷನ್ ಮಾಡುವ ಹಾಗಿದ್ದರೆ ತಡ ಮಾಡುವುದು ಬೇಡ ಎಂದರು. ಮಾಡುವ ಹಾಗಿತ್ತು. ಇನ್ನಷ್ಟು ಮೊದಲೇ ಬಂದಿದ್ದರೆ ಬೇರೆಯಾಗುತ್ತಿತ್ತೇ ಎಂದು ಅಂದಾನಪ್ಪ ಕೇಳಲಿಲ್ಲ, ಡಾಕ್ಟರೂ ಹೇಳಲಿಲ್ಲ.

ಹೊರಗೆ ಬೆಂಚಿನ ಮೇಲೆ ಕಸ್ತೂರಿ ನನ್ನನ್ನು ಇಸಿದುಕೊಂಡು ನೋಡಿದಳು. ಆಮೇಲೆ ತನ್ನ ಫೋನು ತೆಗೆದು ಅದೇ ದಿನಗಳ ಚಿತ್ರಗಳನ್ನು ನೋಡಿದಳು. ಎರಡನ್ನೂ ಪಕ್ಕಪಕ್ಕ ಹಿಡಿದಳು. ಅಕ್ಕನ ಗಂಡನನ್ನು ಅವಳು ಮಾಮಾ ಎಂದೇ ಕರೆಯುತ್ತಿದ್ದಳು.

“ಮಾಮಾರ, ನೀವು ನನಗ ಕಳಿಸಿದ್ದರಾಗ ಅಕ್ಕ ಹಿಂಗಿರಲಿಲ್ಲಲ್ಲ.”

“ಅವು ತಿದ್ದಿದ್ವು, ಕಸ್ತೂರಿ.”

ಅವಳು ನನ್ನನ್ನು ಅವರ ಕೈಗೆ ಕೊಟ್ಟು, ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು. ಆ ದಿನ ಮತ್ತೆ ಅವರ ಜೊತೆ ಮಾತಾಡಲಿಲ್ಲ.

ಆಪರೇಷನ್ ದೊಡ್ಡದಿತ್ತು. ದಾನಮ್ಮ ಬದುಕಿ ಬಂದರು. ಮುಂಗಾರಿನ ಮೊದಲ ಮಳೆ ಬಿದ್ದು ಓಣಿಯ ಧೂಳು ಕೂತ ದಿನಗಳಲ್ಲಿ ಬೆಟಗೇರಿಯ ಮನೆಗೆ ಮರಳಿದರು. ಗುಂಡು ಮುಖ ಹೋಗಿತ್ತು, ಸೀರೆ ಮೈ ಮೇಲೆ ನಿಲ್ಲುತ್ತಿರಲಿಲ್ಲ, ಆದರೆ ಕಣ್ಣು ಬೆಳ್ಳಗಾಗಿತ್ತು. ಅಂದಾನಪ್ಪ ಪ್ರೆಸ್ಸಿನ ಕೆಲಸ ಬಿಟ್ಟರು. ಗಾಜಿನ ಕಪಾಟಿನ ಮೇಲೆ ಒಂದು ಹಳೆಯ ಪಂಚೆ ಹೊದಿಸಿಬಿಟ್ಟರು. ಗ್ರೂಪಿಗೆ ಏನೂ ಬರೆಯಲಿಲ್ಲ. ಅಡಿಗೆ ಕಲಿತರು. ಮೊದಮೊದಲು ಅವರ ರೊಟ್ಟಿ ಅಂಚಿನಲ್ಲಿ ಹರಿಯುತ್ತಿತ್ತು, ಆಮೇಲೆ ಸ್ವಲ್ಪ ಸುಧಾರಿಸಿತು. ಬೆಳಿಗ್ಗೆ ಎದ್ದ ಕೂಡಲೇ ಹೆಂಡತಿಯನ್ನು ಬಾಗಿಲಿಗೆ ಕರೆದು ಕಣ್ಣು ನೋಡುವುದು ಅವರ ದಿನದ ಮೊದಲ ಕೆಲಸವಾಯಿತು.

ಒಂದು ದಿನ ದಾನಮ್ಮ ತಾವೇ ಹೇಳಿದರು. “ಬರ್ರಿ, ಕುಂದರತೀನಿ. ಫೋಟೋ ತಗೀರಿ.”

“ಒಲ್ಲೆ.”

“ನಾ ಹೇಳಾಕತ್ತೀನಿ, ತಗೀರಿ.”

“ನನ್ನ ಕೈಲಿ ಆಗಂಗಿಲ್ಲ, ದಾನಮ್ಮ.”

ದಾನಮ್ಮ ಪಂಚೆ ಸರಿಸಿ ಕಪಾಟು ತೆರೆದರು. ಮೂವರಲ್ಲಿ ಹಗುರ ಎಂದು ನನ್ನನ್ನು ಎತ್ತಿಕೊಂಡರು. ಅಂದಾನಪ್ಪ ರೊಟ್ಟಿ ಬಡಿಯುತ್ತ ಕೂತಿದ್ದರು, ಹಣೆಯ ಮೇಲೆ ಜೋಳದ ಹಿಟ್ಟು. ದಾನಮ್ಮ ನನ್ನನ್ನು ಅವರ ಕಡೆ ತಿರುಗಿಸಿ ಗುಂಡಿ ಒತ್ತಿದರು. ಫೋಕಸ್ ಹಿಂದಕ್ಕೆ ಹೋಗಿ ಕೂತಿತು. ಚಿತ್ರದಲ್ಲಿ ಹಿಂದಿನ ಡಬ್ಬಿಗಳು ಚೂಪಾಗಿ ಬಂದವು, ಅಂದಾನಪ್ಪನವರ ಮುಖ ಕಲಸಿಹೋಯಿತು. ಅಷ್ಟು ವರ್ಷ ನಮ್ಮ ಮೂವರ ಹಿಂದೆಯೇ ನಿಂತಿದ್ದ ಮನುಷ್ಯ, ಅಂದು ಮೊದಲ ಸಲ ಮುಂದೆ ಬಂದಿದ್ದರು. ಚಿತ್ರ ತೋರಿಸಿದಾಗ ತಿದ್ದಿ ಹೇಳಲು ಅವರ ತುಟಿ ಅಲುಗಿತು. ಹೇಳಲಿಲ್ಲ.

ಅಂದಿನಿಂದ ನಾನು ದಾನಮ್ಮನವನಾದೆ. ಅವರು ನನ್ನ ಯಾವ ಗುಣವನ್ನೂ ಪರೀಕ್ಷೆ ಮಾಡಲಿಲ್ಲ. ಹೊಲಿಯುತ್ತಿದ್ದ ಕೌದಿಯನ್ನು, ಲೋಟದ ಹಾಲಿನ ಮೇಲೆ ಕಟ್ಟಿದ ಕೆನೆಯನ್ನು, ಪಕ್ಕದ ಮನೆಯ ಮಗ್ಗವನ್ನು ತೆಗೆಯುತ್ತಿದ್ದರು. ಗಂಡ ಮಲಗಿದ್ದಾಗ, ಉಣ್ಣುವಾಗ, ಬೆನ್ನು ತಿರುಗಿಸಿ ಅಂಗಳ ಗುಡಿಸುವಾಗ ತೆಗೆಯುತ್ತಿದ್ದರು. ಒಂದೂ ನೆಟ್ಟಗೆ ಬರುತ್ತಿರಲಿಲ್ಲ. ಅವನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ನೋಡಬೇಕೆಂದು ಅವರಿಗೆ ಅನಿಸಲೂ ಇಲ್ಲ. ಒಂದೂವರೆ ವರ್ಷ ಹೀಗೆ ನಡೆಯಿತು.

ಮರುವರ್ಷದ ದೀಪಾವಳಿ ಕಳೆದು ಚಳಿ ಬಿದ್ದಾಗ ದಾನಮ್ಮನಿಗೆ ಬೆನ್ನು ನೋವು ಬಂತು. ಈ ಸಲ ಅವರು ತಡ ಮಾಡದೆ ಹೇಳಿದರು, ಅಂದಾನಪ್ಪ ತಡ ಮಾಡದೆ ಕರೆದುಕೊಂಡು ಹೋದರು. ಡಾಕ್ಟರ್ ಮೆಣಸಿನಕಾಯಿ ಸ್ಕ್ಯಾನಿನ ಹಾಳೆಯನ್ನು ಬಹಳ ಹೊತ್ತು ನೋಡಿ, ಗಡ್ಡೆ ಮತ್ತೆ ಹಬ್ಬಿದೆ, ಇನ್ನು ಕತ್ತರಿಸುವಂಥದ್ದಿಲ್ಲ, ನೋವಿಗೆ ಔಷಧಿ ಕೊಡುತ್ತೇನೆ ಎಂದರು. ಆಸ್ಪತ್ರೆಗೆ ಹತ್ತಿರ ಎಂದು ಕಸ್ತೂರಿ ಅಕ್ಕನನ್ನು ತನ್ನ ಮನೆಯಲ್ಲೇ ಇಟ್ಟುಕೊಂಡಳು. ದಾನಮ್ಮನ ಬಟ್ಟೆಯ ಚೀಲದಲ್ಲಿ ನಾನೂ ಹೋದೆ. ಮೊದಮೊದಲು ದಿಂಬಿನ ಪಕ್ಕದಲ್ಲಿದ್ದೆ. ಆಮೇಲೆ ನನ್ನನ್ನು ಎತ್ತುವ ಶಕ್ತಿ ಅವರಿಗೆ ಉಳಿಯಲಿಲ್ಲ. ಹೋಳಿ ಹುಣ್ಣಿಮೆಗೆ ಮುಂಚೆ ಒಂದು ಮಧ್ಯಾಹ್ನ, ಅಂದಾನಪ್ಪ ಚಮಚದಿಂದ ನೀರು ಕುಡಿಸುತ್ತಿದ್ದಾಗ, ದಾನಮ್ಮ ಹೋಗಿಬಿಟ್ಟರು.

ಮಣ್ಣು ಕೊಟ್ಟು, ಕ್ರಿಯೆಗಳೆಲ್ಲ ಮುಗಿದ ಮೇಲೆ ಅಂದಾನಪ್ಪ ಬೆಟಗೇರಿಯಲ್ಲೇ ಉಳಿದರು. ಅಕ್ಕನ ಸೀರೆಗಳ ಜೊತೆ ನಾನು ಕಸ್ತೂರಿಯ ಮನೆಯಲ್ಲಿ ಉಳಿದೆ. ಅವಳು ನನ್ನನ್ನು ಬಳಸಲಿಲ್ಲ. ಚಿತ್ರ ಬೇಕಾದರೆ ಅವಳಿಗೆ ಫೋನಿತ್ತು. ಬಟ್ಟೆಯ ಕಪಾಟಿನಲ್ಲಿ ಎರಡು ದುಪ್ಪಟಿಗಳ ನಡುವೆ ಇಟ್ಟಳು. ನನ್ನ ಬ್ಯಾಟರಿ ಉಬ್ಬತೊಡಗಿತು. ಲೆನ್ಸಿನೊಳಗೆ ಬೂಜು ಹಿಡಿಯಿತು. ಅಂದಾನಪ್ಪ ಫೋನು ಮಾಡಿದರೆ ಅವಳು ಒಂದೆರಡು ಮಾತಾಡಿ ಇಟ್ಟುಬಿಡುತ್ತಿದ್ದಳು.

ಮಳೆಗಾಲದ ಕೊನೆಯಲ್ಲಿ ಒಂದು ಭಾನುವಾರ ಅವರೇ ಬಂದರು. ದನಿ ಕೇಳಿ ನನಗೆ ಗುರುತು ಸಿಕ್ಕಿತು. ಕಸ್ತೂರಿ ನೀರು ಕೊಟ್ಟಳು, ಚಹಾ ಕೊಟ್ಟಳು.

“ಕಸ್ತೂರಿ, ಆ ಕ್ಯಾಮೆರಾ ಐತೇನವಾ?”

ಅವಳು ನನ್ನನ್ನು ತಂದು ಟೇಬಲ್ಲಿನ ಮೇಲಿಟ್ಟಳು. ಅಂದಾನಪ್ಪ ತಾವು ತಂದಿದ್ದ ಬೇರೆ ಬ್ಯಾಟರಿ ಹಾಕಿದರು. ನನ್ನ ಲೆನ್ಸು ಕಿರುಗುಟ್ಟುತ್ತ ಅರ್ಧ ಹೊರಗೆ ಬಂದು ಸಿಕ್ಕಿಕೊಂಡಿತು. ಪರದೆ ಮಾತ್ರ ಬೆಳಗಿತು. ಅವರು ದಾನಮ್ಮ ತೆಗೆದ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಕೆನೆ, ಮಗ್ಗ, ಕೌದಿ, ಅಂಗಳ ಗುಡಿಸುವ ತಮ್ಮದೇ ಬೆನ್ನು. ಯಾವುದನ್ನೂ ದೊಡ್ಡದು ಮಾಡಿ ನೋಡಲಿಲ್ಲ. ಕಸ್ತೂರಿ ಎದುರಿಗೆ ಕೂತಿದ್ದಳು.

“ಒಂದ್ ಮಾತು ಕೇಳ್ಲೇನ್ರಿ ಮಾಮಾರ?”

“ಕೇಳು.”

“ಆವಾಗ ನೀವು ಇದ್ದದ್ದ ಇದ್ಹಂಗ ಕಳಿಸಿದ್ರ ನಾ ಅವತ್ತ ಬಸ್ ಹತ್ತಿ ಬರ್ತಿದ್ದೆ. ನೀವು ಕಳಿಸಿದ್ದು ನೋಡಿ ನಾ ಇಲ್ಲೆ ಆರಾಮ ಕೂತೆ. ಅಕ್ಕ ಚೊಲೋ ಅದಾಳಂತ ಆಫೀಸಿನ್ಯಾಗ ಎಲ್ಲಾರಿಗೂ ತೋರ್ಸಿದೆ. ಅದನ್ನ ನಾ ಹೆಂಗ ಮರೀಲಿ?”

“ಮರೀಬ್ಯಾಡ,” ಎಂದರು ಅಂದಾನಪ್ಪ. “ಮರೀಬೇಕಂತ ನಾ ಕೇಳಾಕ ಬಂದಿಲ್ಲ.”

ಕಸ್ತೂರಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವರು ನನ್ನನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡರು.

“ಇದನ್ನ ಒಯ್ಯಲೇನು?”

“ಫೋಟೋ ಎಲ್ಲಾ ತಗೊಂಡ್ ಹೋಗ್ರಿ. ಇದನ್ನ ಕೊಡಂಗಿಲ್ರಿ. ನಿಮ್ಮ ಕೈಯಾಗ ಇದನ್ನ ನೋಡಾಕ ನನಗ ಆಗವಲ್ದು.”

ಅವರು ಎರಡನೇ ಮಾತಾಡದೆ ನನ್ನನ್ನು ಟೇಬಲ್ಲಿನ ಮೇಲಿಟ್ಟರು. ಚಪ್ಪಲಿ ಹಾಕಿಕೊಳ್ಳಲು ಹೊರಟಾಗ ಅವಳೇ ತಡೆದಳು. “ಉಂಡು ಹೋಗ್ರಿ. ಹಂಗ ಕಳಿಸಿದ್ರ ಅಕ್ಕ ನನ್ನ ಬೈತಿದ್ಲು.”

ಇಬ್ಬರೂ ಊಟಕ್ಕೆ ಕೂತರು. ಸುಮ್ಮನೆ ಕೂರಲಾರದೆ ಅಂದಾನಪ್ಪ ಹೇಳಿದರು. “ಇದರ ನಾಲ್ಕನೇದು ಬಂದೈತಂತ. ಗ್ರೂಪಿನ್ಯಾಗ ಬರದಿದ್ರು.”

“ತಗೊಂಡ್ರೇನು?”

“ಇಲ್ಲ.” ಒಂದು ತುತ್ತು ನುಂಗಿ, ನೀರು ಕುಡಿದರು. “ತಗೊಂಡು ಯಾರನ್ನ ಕುಂದ್ರಸಲಿ?”

ಕಸ್ತೂರಿ ಅವರ ತಾಟಿಗೆ ಇನ್ನೊಂದಿಷ್ಟು ಅನ್ನ ಬಡಿಸಿದಳು.

ಈಗ ನಾನು ಮತ್ತೆ ದುಪ್ಪಟಿಗಳ ನಡುವೆ ಇದ್ದೇನೆ. ನಾನು ಕಂಡದ್ದು ಸರಿಯಿತ್ತು ಎಂಬುದನ್ನು ಎಲ್ಲರೂ ಒಪ್ಪಿದ್ದಾರೆ, ದಾನಮ್ಮನೇ ಮೊದಲು ಒಪ್ಪಿದ್ದರು. ಅದರಿಂದ ನನಗೆ ಯಾವ ಸಮಾಧಾನವೂ ಆಗಿಲ್ಲ. ಹಿರಿಯಣ್ಣನಿಗಿಂತ ನಾನು ಎಷ್ಟು ಸೂಕ್ಷ್ಮ, ನನಗಿಂತ ನಾಲ್ಕನೆಯವನು ಎಷ್ಟು ಸೂಕ್ಷ್ಮ ಎಂದು ಜನ ಇನ್ನೂ ತೂಗುತ್ತಿರಬಹುದು. ಆ ಲೆಕ್ಕದಲ್ಲಿ ನನಗೆ ಈಗ ಆಸಕ್ತಿಯಿಲ್ಲ. ಆ ಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬಹಳ ಪ್ರೀತಿಸುತ್ತಿದ್ದರು, ಮತ್ತು ನಾನು ನಡುವೆ ಇದ್ದೆ.